ಅನೆಕ್ಸ್‌ನ ಕೌನ್ಸಿಲ್ ಟ್ಯಾಕ್ಸ್: 25ಕ್ಕೆ 50 ಕೂಡಿಸಬೇಡಿ

ಇಂಗ್ಲೆಂಡಿನಲ್ಲಿ ಮನೆ ಮಾಡಿ, ಹಿತ್ತಲಲ್ಲಿ ಅನೆಕ್ಸ್ (ಮನೆಗೆ ಸೇರಿದ ಪುಟ್ಟ ಬಿಡಾರ) ಕಟ್ಟಿಸಿ ತಮ್ಮನನ್ನೋ ಅಮ್ಮನನ್ನೋ ಇರಿಸಿಕೊಂಡ ನಮ್ಮವರು ಕೌನ್ಸಿಲ್ ಟ್ಯಾಕ್ಸ್‌ನಲ್ಲಿ, ಅಂದರೆ ಸ್ಥಳೀಯ ಕೌನ್ಸಿಲ್‌ಗೆ ಕಟ್ಟುವ ಮನೆ ತೆರಿಗೆಯಲ್ಲಿ, ಎಡವುವುದು ಒಂದೇ ಕಡೆ. ವಯಸ್ಕರು ಒಬ್ಬರೇ ಇದ್ದರೆ ಶೇ 25, ಸಂಬಂಧಿಕರ ಅನೆಕ್ಸ್‌ಗೆ ಶೇ 50, ಒಟ್ಟು ಶೇ 75 ಕಡಿತ ಅಂತ ಖರ್ಚಿನ ಲೆಕ್ಕ ಹಾಕಿಬಿಡುತ್ತಾರೆ. ಆಮೇಲೆ ಬಿಲ್ ನೋಡಿ ಗಾಬರಿ.

ಹಂತ 1: ಅನೆಕ್ಸ್‌ಗೆ ಬೇರೆ ಬ್ಯಾಂಡ್ (ಮನೆಯ ಬೆಲೆ ನೋಡಿ ತೆರಿಗೆಗೆ ಹಾಕುವ ದರ್ಜೆ) ಇದೆಯಾ ನೋಡಿ. ಅದಕ್ಕೇ ಅಡುಗೆಮನೆ, ಬಚ್ಚಲು ಇದ್ದರೆ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಮನೆಗೆಲ್ಲ ಒಂದೇ ಬಿಲ್, ಮುಂದೆ ಓದುವುದೇ ಬೇಡ.

ಹಂತ 2: ಕಡಿತ ಕೇಳುವ ಮೊದಲು ಪೂರ್ತಿ ವಿನಾಯಿತಿ ಸಿಗುತ್ತದಾ ನೋಡಿ. ಅಲ್ಲಿರುವ ಸಂಬಂಧಿಕರು 65 ದಾಟಿದ್ದರೆ, ಅಥವಾ ಕಾಯಂ ಆದ ದೊಡ್ಡ ಅಂಗವೈಕಲ್ಯ ಇದ್ದರೆ, ಅನೆಕ್ಸ್‌ಗೆ ಟ್ಯಾಕ್ಸೇ ಇಲ್ಲ. ಇದಕ್ಕೆ ‘ಕ್ಲಾಸ್ ಡಬ್ಲ್ಯೂ’ ಅನ್ನುತ್ತಾರೆ. ಆದರೆ ಅದು ಅವರ ಮುಖ್ಯ ವಾಸದ ಮನೆಯೇ ಆಗಿರಬೇಕು. ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬಂದು ಮೈಸೂರಿಗೆ ವಾಪಸ್ ಹೋಗುವ ಅಪ್ಪ ಅಮ್ಮನ ಹೆಸರಲ್ಲಿ ಇದನ್ನು ಕೇಳಬೇಡಿ. ಅವರು ಬಂದುಹೋಗುವ ಆ ಅನೆಕ್ಸನ್ನು ನೀವೇ ನಿಮ್ಮ ಮನೆಯ ಭಾಗವಾಗಿ ಬಳಸುತ್ತಿದ್ದರೆ, ಅದಕ್ಕೂ ಶೇ 50ರ ಕಡಿತ ಇದೆ. ಅದನ್ನು ಕೇಳಿ.

ಹಂತ 3: ಈಗ ಲೆಕ್ಕ. ಇಲ್ಲಿ ನಿಧಾನ ಮಾಡಿ. 2014ರ ಏಪ್ರಿಲ್ 1ರಿಂದ ಬಂದ ಶೇ 50ರ ಕಡಿತ ಬೇರೆ ಕಡಿತಗಳ ಜೊತೆಗೇ ಸಿಗುತ್ತದೆ, ನಿಜ. ಆದರೆ ಅದು ಉಳಿದ ಮೊತ್ತದ ಮೇಲೆ. ಅನೆಕ್ಸ್‌ನ ಬಿಲ್ ವರ್ಷಕ್ಕೆ 1,600 ಪೌಂಡ್, ಅಲ್ಲಿ ತಮ್ಮ ಒಬ್ಬನೇ ಇದ್ದಾನೆ ಅಂದುಕೊಳ್ಳಿ. ಮೊದಲು ಶೇ 25 ಹೋಗಿ 1,200 ಆಯಿತು. ಅದರಲ್ಲಿ ಅರ್ಧ ಹೋಗಿ 600. ಸುಮ್ನೆ ಕೂಡಿಸಿದವರು 400 ಎತ್ತಿಟ್ಟಿರುತ್ತಾರೆ, 200 ಪೌಂಡ್ ಕಡಿಮೆ ಬೀಳುತ್ತದೆ. ತಮ್ಮನ ಹೆಂಡತಿ ಬಂದು ಸೇರಿದರೆ ಶೇ 25 ಹೋಗುತ್ತದೆ, ಬಿಲ್ 800. ಅವಳು ಬಂದ ತಾರೀಕನ್ನು ಕೌನ್ಸಿಲ್‌ಗೆ ತಿಳಿಸಲೇಬೇಕು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಬ್ಯಾಂಡ್ ಬೇರೆ ಇದ್ದರೆ ತಲೆ ಎಣಿಕೆಯೂ ಬೇರೆ. ದೊಡ್ಡ ಮನೆಯಲ್ಲಿ ಅಕ್ಕ ಚಿಕ್ಕ ಮಕ್ಕಳ ಜೊತೆ ಇದ್ದಾಳೆ, ಬೇರೆ ವಯಸ್ಕರಿಲ್ಲ ಅಂದರೆ, ಹಿತ್ತಲಲ್ಲಿ ತಮ್ಮ ಇದ್ದರೂ ಅವಳ ಬಿಲ್‌ಗೂ ಶೇ 25 ಕಡಿತ ಸಿಗುತ್ತದೆ. ‘ತಮ್ಮ ಇದ್ದಾನಲ್ವಾ’ ಅಂತ ಕೇಳದೇ ಬಿಟ್ಟವರನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ಹಂತ 4: ಅರ್ಜಿ ಹಾಕಿ, ಇದು ಪುಕ್ಕಟೆ. ಕಮಿಷನ್ ಕೇಳುವ ಏಜೆಂಟರಿಗೆ ಒಂದು ಪೆನ್ನಿಯೂ ಕೊಡಬೇಡಿ, ಅವರು ತುಂಬುವುದೂ ಇದೇ ಫಾರಂ. ಫೋನಲ್ಲಿ ಹೇಳಿ ಮುಗಿಸಬೇಡಿ, ಇಮೇಲ್ ಮಾಡಿ. ಸಂಬಂಧ ಏನು, ಯಾವ ತಾರೀಕಿನಿಂದ ಇದ್ದಾರೆ, ಎರಡೂ ಇರಲಿ. ಹಿಂದಿನ ತಾರೀಕಿನಿಂದ ಕೊಡಿ ಅಂತಲೂ ಕೇಳಿ. ವೇಲ್ಸ್, ಸ್ಕಾಟ್ಲೆಂಡಿನವರು ಈ ಶೇ 50ನ್ನು ನಂಬಿ ಕೂರಬೇಡಿ, ಇದು ಇಂಗ್ಲೆಂಡಿನ ನಿಯಮ.

ಹಂತ 5: ಆಗಲ್ಲ ಅಂದರೆ ಕೌನ್ಸಿಲ್‌ಗೇ ಬರಹದಲ್ಲಿ ತಕರಾರು ಕೊಡಿ. ಅದನ್ನೂ ತಳ್ಳಿಹಾಕಿದರೆ ಎರಡು ತಿಂಗಳೊಳಗೆ ವ್ಯಾಲ್ಯುಯೇಷನ್ ಟ್ರಿಬ್ಯುನಲ್‌ಗೆ (ಇಂಥ ತೆರಿಗೆ ತಕರಾರು ಕೇಳುವ ನ್ಯಾಯಮಂಡಳಿ) ಹೋಗಬಹುದು, ಅಲ್ಲೂ ಫೀಸಿಲ್ಲ. ಅಲ್ಲಿಯವರೆಗೆ ಬಂದ ಬಿಲ್ ಕಟ್ಟುತ್ತಲೇ ಇರಿ.