ಸೈಬರ್ ಸೆಂಟರಿನಲ್ಲಿ ಜಾಹೀರಾತಿನ ಕಾಟ ತಪ್ಪಿಸಿದ್ದು

ಮಂಡ್ಯದಲ್ಲಿ ನನ್ನದೊಂದು ಸಣ್ಣ ಸೈಬರ್ ಸೆಂಟರ್. ಪಹಣಿ, ಆದಾಯ ಪ್ರಮಾಣಪತ್ರ, ಸಿಇಟಿ ಅರ್ಜಿ, ಇದೇ ನಿತ್ಯದ ಕೆಲಸ. ಫೋಟೊ, ಸಹಿ ಇಂತಿಷ್ಟು ಕೆಬಿಯೊಳಗೇ ಇರಬೇಕು ಅಂತ ಅರ್ಜಿ ಕೇಳುತ್ತೆ. ಸೈಜ್ ಇಳಿಸೋಕೆ ಯಾವುದಾದರೂ ಉಚಿತ ಸೈಟ್ ತೆರೆದರೆ ಪುಟದ ತುಂಬ ಹಸಿರು ‘ಡೌನ್‌ಲೋಡ್’ ಬಟನ್ನುಗಳು. ಅಸಲಿ ಒಂದೇ, ಮಿಕ್ಕಿದ್ದೆಲ್ಲ ಜಾಹೀರಾತು. ‘ಅಣ್ಣಾ, ಫೋಟೊ ಬರ್ಲಿಲ್ಲ, ಇನ್ನೇನೋ ಇಳೀತಾ ಐತೆ’ ಅಂತ ಹುಡುಗರು ಕೂಗೋರು.

ಈಗ ಎಲ್ಲ ಸಿಸ್ಟಮ್ಮಿನಲ್ಲೂ ಫೈರ್‌ಫಾಕ್ಸ್, ಅದರೊಳಗೆ ಜಾಹೀರಾತು ತಡೆಯೋ ಯುಬ್ಲಾಕ್ ಒರಿಜಿನ್ ಅನ್ನೋ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸಿಕೊಳ್ಳೋ ಸಣ್ಣ ತಂತ್ರಾಂಶ). ಗೂಗಲ್‌ನವರು ಮ್ಯಾನಿಫೆಸ್ಟ್ ವಿ3 ಅನ್ನೋ ಹೊಸ ಎಕ್ಸ್‌ಟೆನ್ಷನ್ ನಿಯಮ ತಂದ ಮೇಲೆ ಕ್ರೋಮ್‌ನಲ್ಲಿ ಇದರ ‘ಲೈಟ್’ ಆವೃತ್ತಿಗೇ ತೃಪ್ತಿಪಡಬೇಕು. ಹಾಕುವಾಗ ತಯಾರಕರ ಹೆಸರು ರೇಮಂಡ್ ಹಿಲ್ ಅಂತ ಇದೆಯಾ ನೋಡಿಕೊಳ್ಳಿ. ‘ಒರಿಜಿನ್’ ಇಲ್ಲದ ಬರೀ ಯುಬ್ಲಾಕ್ ಬೇರೆಯವರದ್ದು.

ಹಾಕಿದ ಕೂಡಲೇ ಜಾಹೀರಾತು ಹೋಗುತ್ತೆ, ‘ಕುಕಿಗೆ ಒಪ್ಪಿಗೆಯಾ’ ಅಂತ ಕೇಳೋ ಪೆಟ್ಟಿಗೆ ಹೋಗಲ್ಲ. ಅದಕ್ಕೆ ಎಕ್ಸ್‌ಟೆನ್ಷನ್ನಿನ ಡ್ಯಾಶ್‌ಬೋರ್ಡ್ ಅನ್ನೋ ಸೆಟ್ಟಿಂಗ್ಸ್ ಪುಟದ ‘ಫಿಲ್ಟರ್ ಲಿಸ್ಟ್ಸ್’ನಲ್ಲಿ ‘ಕುಕಿ ನೋಟಿಸಸ್’ ಟಿಕ್ ಮಾಡಿ ‘ಅಪ್ಲೈ’ ಒತ್ತಬೇಕು. ಒಂದು ಮಾತು: ಇದು ಬಹುಮಟ್ಟಿಗೆ ಪೆಟ್ಟಿಗೆಯನ್ನು ಮರೆಮಾಡುತ್ತೆ ಅಷ್ಟೇ, ನಿಮ್ಮ ಪರವಾಗಿ ‘ಬೇಡ’ ಅಂತ ಒತ್ತಲ್ಲ. ಬೆನ್ನು ಹತ್ತೋ ಟ್ರ್ಯಾಕರ್‌ಗಳನ್ನು ತಡೆಯೋದು ಈಸಿಪ್ರೈವಸಿ ಅನ್ನೋ ಇನ್ನೊಂದು ಪಟ್ಟಿ, ಅದು ಮೊದಲೇ ಆನ್ ಇರುತ್ತೆ. ಪೆಟ್ಟಿಗೆ ಮಾಯವಾಗಿಯೂ ಪುಟ ಸ್ಕ್ರೋಲ್ ಆಗದಿದ್ದರೆ, ಎಕ್ಸ್‌ಟೆನ್ಷನ್ನಿನ ದೊಡ್ಡ ಪವರ್ ಬಟನ್ ಒತ್ತಿ ಆ ಸೈಟಿಗೆ ಮಾತ್ರ ಆಫ್ ಮಾಡಿ ರಿಫ್ರೆಶ್ ಮಾಡ್ತೀನಿ.

ಶುಲ್ಕ ಕಟ್ಟೋ ಸೈಟಾದರೆ ಶುರುವಿನಲ್ಲೇ ಆಫ್. ನಡುವೆ ರಿಫ್ರೆಶ್ ಮಾಡಿ, ದುಡ್ಡು ಹೋಗಿ ರಸೀದಿ ಬರದಿದ್ದರೆ ಗಿರಾಕಿಗೆ ಉತ್ತರ ಕೊಡೋರು ಯಾರು?

ಪರದೆಯ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ’ ಅಂತ ಹೆದರಿಸೋ ಚೀಟಿಗಳ ಕಥೆಯೇ ಬೇರೆ. ಯಾರೋ ಯಾವುದೋ ಸೈಟಿನಲ್ಲಿ ನೋಟಿಫಿಕೇಶನ್ನಿಗೆ ‘ಅಲೋ’ ಒತ್ತಿರುತ್ತಾರೆ. ಯುಬ್ಲಾಕ್ ಒರಿಜಿನ್ ಇದ್ದರೂ ಅವು ಬರ್ತಾನೇ ಇರುತ್ತವೆ. ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಅನುಮತಿ ತೆಗೆದು, ಇನ್ನು ಮುಂದೆ ಯಾವ ಸೈಟೂ ಕೇಳಕೂಡದು ಅನ್ನೋದಕ್ಕೂ ಟಿಕ್ ಹಾಕಿದೆ. ನನ್ನ ಕೇಳಿದರೆ ಅಂಗಡಿಯವರು ಮೊದಲು ಮಾಡಬೇಕಾದ್ದೇ ಇದು.

ಮೊಬೈಲಿಗೂ ಹಾಕಿಕೊಡಿ ಅನ್ನೋರಿದ್ದಾರೆ. ಆಂಡ್ರಾಯ್ಡ್ ಫೈರ್‌ಫಾಕ್ಸ್‌ಗೂ ಯುಬ್ಲಾಕ್ ಒರಿಜಿನ್ ಸಿಗುತ್ತೆ, ಆದರೆ ಕೆಲಸ ಮಾಡೋದು ಆ ಬ್ರೌಸರ್ ಒಳಗೆ ಮಾತ್ರ. ಬೇರೆ ಆ್ಯಪ್‌ಗಳ ಜಾಹೀರಾತಿಗೆ, ಆಂಡ್ರಾಯ್ಡ್ 9 ಅಥವಾ ಅದರ ಮೇಲಿನ ಫೋನಾದರೆ, ಸೆಟ್ಟಿಂಗ್ಸ್‌ನ ಪ್ರೈವೇಟ್ ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರಿಂದ ಅದರ ವಿಳಾಸ ಹುಡುಕಿಕೊಡೋ ಸೇವೆ ಆರಿಸೋ ಜಾಗ) ಜಾಹೀರಾತು ತಡೆಯೋ ಆಡ್‌ಗಾರ್ಡ್ ಸೇವೆಯ ವಿಳಾಸ ಹಾಕಿಕೊಡ್ತೀನಿ. ಯೂಟ್ಯೂಬ್ ಆ್ಯಪ್‌ನ ಜಾಹೀರಾತು ಅದರಿಂದ ನಿಲ್ಲಲ್ಲ ಅಂತ ಮೊದಲೇ ಹೇಳಿಬಿಡ್ತೀನಿ.