ಮಗಳ ಕೋಣೆಯ ಸ್ವಿಚ್ ಬೋರ್ಡಿಗೆ ದಸರಾ ಆನೆ
ಮೈಸೂರಿನ ನಮ್ಮ ಮನೆಯಲ್ಲಿ ಮಗಳ ಕೋಣೆಯ ಸ್ವಿಚ್ ಬೋರ್ಡಿಗೆ ಅಂಟಿಸಿದ ಯಾವ ಸ್ಟಿಕರೂ ನಿಲ್ಲುತ್ತಿರಲಿಲ್ಲ. ಸ್ಟಿಕರ್ ಬಿಟ್ಟು ಬಣ್ಣದಲ್ಲೇ ಚಿತ್ರ ಬರೆಯೋಣವೆಂದುಕೊಂಡೆ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪ್ಲೇಟಿನ ಮೈ ನುಣುಪು. ಬಣ್ಣ ಚೆನ್ನಾಗಿ ಹಿಡಿಯಲು ಸ್ವಲ್ಪ ಒರಟು ಬೇಕು.

ಎಂಸಿಬಿ (ಕರೆಂಟು ಕಡಿಯುವ ಮೇನ್ ಬೋರ್ಡಿನ ಸ್ವಿಚ್ಚು) ಇಳಿಸಿ, ಟೆಸ್ಟರಿನಲ್ಲಿ ಕರೆಂಟಿಲ್ಲವೆಂದು ನೋಡಿಕೊಂಡು, ಹೊರಗಿನ ಪ್ಲೇಟನ್ನಷ್ಟೇ ಕಳಚಿದೆ. ನಮ್ಮದು ಮಾಡ್ಯುಲರ್ ಬೋರ್ಡು, ಪ್ಲೇಟು ಕ್ಲಿಪ್ಪಿನ ಮೇಲೆ ಕೂತಿರುತ್ತದೆ. ಸೋಪುನೀರಲ್ಲಿ ತೊಳೆದು ಒಣಗಿಸಿ, 400 ನಂಬರಿನ ಎಮರಿ ಪೇಪರಿನಲ್ಲಿ ಹೊಳಪು ಹೋಗುವಷ್ಟು ಉಜ್ಜಿದೆ. ಥಿನ್ನರ್ ಬೇಡವೇ ಬೇಡ, ಈ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಮೊದಲು ಪ್ಲಾಸ್ಟಿಕ್ ಪ್ರೈಮರ್, ಆಮೇಲೆ ಅಕ್ರಿಲಿಕ್ಕಿನಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ, ಕೊನೆಗೆ ತೆಳುವಾಗಿ ವಾರ್ನಿಷ್. ಸ್ವಿಚ್ಚಿನ ಸಂದಿಗೆ, ಸಾಕೆಟ್ಟಿನ ತೂತಿಗೆ ಬಣ್ಣ ತಾಗಲೇಬಾರದು; ಅದಕ್ಕೇ ಬಿಡಿ ಪ್ಲೇಟಿನ ಮೇಲೆ ಬರೆದದ್ದು.

ಪೂರ್ತಿ ಒಣಗಿದ ಮೇಲೆ ಕೂರಿಸಿದೆ. ಒಣಬಟ್ಟೆಯಲ್ಲಿ ಒರೆಸಿದರೂ ಬಣ್ಣ ಏಳುತ್ತಿಲ್ಲ. ಮಗಳೀಗ ಫ್ಯಾನಿನ ರೆಗ್ಯುಲೇಟರ್ ಪ್ಲೇಟಿಗೂ ಒಂದು ಮರಿಯಾನೆ ಕೇಳಿದ್ದಾಳೆ.