ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ: ಗ್ಲುಟನ್ ಇಲ್ಲದ ಬ್ರೆಡ್ಡು, ಕುರುಕಲು ತಿಂಡಿ

ನಿಮಗೋ ಮಗುವಿಗೋ ಸೀಲಿಯಾಕ್, ಅಂದರೆ ಗ್ಲುಟನ್ ತಿಂದರೆ ಕರುಳು ಕೆಡುವ ಕಾಯಿಲೆ, ಇರಬಹುದು ಅಂತ ಡಾಕ್ಟರ್ ಹೇಳಿದ್ದರೆ, ಗಾಬರಿಯಲ್ಲಿ ಇವತ್ತೇ ಚಪಾತಿ ಬಿಡಬೇಡಿ. ಗ್ಲುಟನ್ ಅಂದರೆ ಗೋಧಿ, ಬಾರ್ಲಿ, ರೈ ಅನ್ನುವ ಧಾನ್ಯಗಳಲ್ಲಿರುವ ಅಂಟಿನಂಥ ಪ್ರೋಟೀನು. ರಕ್ತಪರೀಕ್ಷೆಗೆ ಮುಂಚೆ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಊಟದಲ್ಲಿ ಗ್ಲುಟನ್ ಇರಬೇಕು. ಇಲ್ಲದಿದ್ದರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣಿಸದೆ ಹೋಗಬಹುದು. ಉಳಿದ ಫಾರ್ಮು ಗೀರ್ಮು ಎಲ್ಲ ಜಿಪಿ, ಅಂದರೆ ನಿಮ್ಮ ಹೆಸರು ನೋಂದಾಯಿಸಿದ ಡಾಕ್ಟರ್, ಹೇಳಿದ ಹಾಗೆ ಮಾಡಿ. ಗ್ಲುಟನ್ ಇಲ್ಲದ ಬ್ರೆಡ್ಡನ್ನು ಡಾಕ್ಟರ್ ಚೀಟಿಯಲ್ಲೇ ಕೊಡುವುದೂ ಉಂಟು, ಇಂಗ್ಲೆಂಡಿನಲ್ಲಿ ಮಾತ್ರ ಅದು ಊರಿಂದ ಊರಿಗೆ ಬೇರೆ, ಕೇಳಿ ನೋಡಿ.

ಸೂಪರ್ ಮಾರ್ಕೆಟ್ಟಿನಲ್ಲಿ 'ಫ್ರೀ ಫ್ರಮ್' ಅಂತ ಒಂದು ಸಾಲು ಇರುತ್ತದೆ. ಶೇರ್, ಜೀನಿಯಸ್, ವಾರ್ಬರ್ಟನ್ಸ್ ಬ್ರೆಡ್ಡುಗಳು ಅಲ್ಲೇ ಸಿಗುತ್ತವೆ. ಸ್ಲೈಸು ಅಂಗೈಯಷ್ಟು, ಬೆಲೆ ಮಾತ್ರ ಮಾಮೂಲಿ ಬ್ರೆಡ್ಡಿಗಿಂತ ಎಷ್ಟೋ ಜಾಸ್ತಿ. ಹಸಿಯಾಗಿ ತಿಂದು 'ಥೂ' ಅನ್ನಬೇಡಿ, ಅದನ್ನು ಟೋಸ್ಟ್ ಮಾಡಿಯೇ ತಿನ್ನಬೇಕು. ಹಿಟ್ಟನ್ನು ಹಿಡಿದಿಡುವ ಗ್ಲುಟನ್ನೇ ಇಲ್ಲವಲ್ಲ, ಇಸಬ್ಗೋಲು, ಗಮ್ಮು ಅಂತ ಏನೇನೋ ಸೇರಿಸಿ ನಿಲ್ಲಿಸಿರುತ್ತಾರೆ. ತಂದ ದಿನವೇ ಫ್ರೀಜರಿಗೆ ಹಾಕಿ, ಬೇಕಾದಾಗ ಎರಡು ತೆಗೆಯಿರಿ. ಟೋಸ್ಟರ್ ಬೇರೆಯೇ ಇರಲಿ. ಮನೆಯವರ ಬ್ರೆಡ್ಡಿನ ಪುಡಿ ತಾಗಿದರೂ ಹೊಟ್ಟೆ ಕೆಡಬಹುದು.

'ಗ್ಲುಟನ್ ಫ್ರೀ' ಅಂತ ಬರೆಯಬೇಕಾದರೆ ಅದರಲ್ಲಿ ಗ್ಲುಟನ್ ಕಿಲೋಗೆ 20 ಮಿಲಿಗ್ರಾಂ ಮೀರಬಾರದು, ಅದು ಕಾನೂನು. 'ವೀಟ್ ಫ್ರೀ' ಬೇರೆ, ಅದರಲ್ಲಿ ಬಾರ್ಲಿ, ರೈ ಇರಬಹುದು. ಮಾಮೂಲಿ ಕಾರ್ನ್‌ಫ್ಲೇಕ್ಸನ್ನೂ ನಂಬಬೇಡಿ, ಮೆಕ್ಕೆಜೋಳದ್ದೇ ಆದರೂ ಸಾಮಾನ್ಯವಾಗಿ ಬಾರ್ಲಿ ಮಾಲ್ಟ್ ಸೇರಿರುತ್ತದೆ. ಇಲ್ಲಿನ ಪೊಟ್ಟಣಗಳ ಮೇಲೆ ಗೋಧಿ, ಬಾರ್ಲಿಯಂಥವನ್ನು ಎದ್ದು ಕಾಣುವ ಹಾಗೆ, ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಸೆಮೊಲಿನಾ ಅಂದರೆ ನಮ್ಮ ರವೆ, ಸ್ಪೆಲ್ಟ್ ಅಂದರೂ ಗೋಧಿಯೇ. ಇಷ್ಟು ಗೊತ್ತಿದ್ದರೆ ಇಂಗ್ಲಿಷರ ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ.

ಮೋಸ ಹೋಗುವುದು ನಮ್ಮದೇ ಅಂಗಡಿಯಲ್ಲಿ. ಮಗಳಿಗೆ ಸೀಲಿಯಾಕ್ ಅಂತ ಗೊತ್ತಾದಾಗ ನಾನು ಒಳಗೊಳಗೇ ಬೀಗಿದ್ದೆ. ಅನ್ನ, ಸಾರು, ದೋಸೆ, ರಾಗಿ ಮುದ್ದೆ, ಅಕ್ಕಿ ರೊಟ್ಟಿ ತಿನ್ನುವವರಿಗೆ ಇದೇನು ಮಹಾ ಅಂತ. ಆದರೂ ಅವಳ ಹೊಟ್ಟೆನೋವು ನಿಲ್ಲಲಿಲ್ಲ. ಕಳ್ಳ ಇದ್ದದ್ದು ಒಗ್ಗರಣೆ ಡಬ್ಬಿಯಲ್ಲಿ. ಪುಡಿ ಇಂಗಿಗೆ ಸಾಮಾನ್ಯವಾಗಿ ಮೈದಾವನ್ನೋ ಗೋಧಿ ಹಿಟ್ಟನ್ನೋ ಸೇರಿಸಿರುತ್ತಾರೆ! ದಿನಾ ಸಾರಿಗೆ, ಚಟ್ನಿಗೆ ಪ್ರೀತಿಯಿಂದ ನಾನೇ ಹಾಕುತ್ತಿದ್ದೆ. ಡಬ್ಬಿ ತಿರುಗಿಸಿ ಓದುವುದಕ್ಕೆ ನನಗೇನು ರೋಗವಾಗಿತ್ತೋ. ಈಗ ಅಕ್ಕಿ ಹಿಟ್ಟು ಸೇರಿಸಿದ ಇಂಗು ಸಿಗುತ್ತದೆ, ಹುಡುಕಿ ತನ್ನಿ.

ಕುರುಕಲಿಗೆ ಚಕ್ಕುಲಿ, ಖಾರಾಬೂಂದಿ, ಅವಲಕ್ಕಿ ಚೂಡಾ ಆಗುತ್ತವೆ, ಇಂಗು ಯಾವುದು ಅಂತ ನೋಡಿಕೊಂಡರೆ. ಕೋಡುಬಳೆಗೆ ರವೆ, ನಿಪ್ಪಟ್ಟಿಗೆ ಮೈದಾ ಬೆರೆಸುವವರು ಬಹಳ, ಅವನ್ನು ಮನೆಯಲ್ಲೇ ಬರೀ ಅಕ್ಕಿ ಹಿಟ್ಟು, ಹುರಿಗಡಲೆ ಹಿಟ್ಟಿನಲ್ಲಿ ಮಾಡಿ. ರಾಗಿ, ಜೋಳದ ಹಿಟ್ಟಿನ ಪೊಟ್ಟಣದ ಹಿಂದೆ 'ಮೇ ಕಂಟೇನ್ ವೀಟ್' ಅಂತಿದ್ದರೆ ವಾಪಸ್ ಇಡಿ. ಊರಿನ ಗಿರಣಿಯಲ್ಲಿ ನಮ್ಮ ರಾಗಿಗಿಂತ ಮುಂಚೆ ಯಾರದ್ದೋ ಗೋಧಿ ಬೀಸುತ್ತಿದ್ದರಲ್ವಾ, ಅದೇ ಕಥೆ. ಅಮ್ಮ ಊರಿಂದ ಕಳಿಸುವ ಹುರಿಹಿಟ್ಟನ್ನೂ ಇದೇ ಕಾರಣಕ್ಕೆ ಮಗಳಿಗೆ ಕೊಡುವುದಿಲ್ಲ. ಅಮ್ಮನಿಗೆ ಹೇಳುವುದಕ್ಕೆ ಇನ್ನೂ ಧೈರ್ಯ ಬಂದಿಲ್ಲ.

ಶಾಲೆಯಲ್ಲಿ ಕಷ್ಟವಿಲ್ಲ, ಒಂದು ಸಲ ಹೇಳಿದರೆ ನೆನಪಿಟ್ಟುಕೊಳ್ಳುತ್ತಾರೆ. ಕಷ್ಟ ಇರುವುದು ನಮ್ಮವರ ಯುಗಾದಿ ಊಟದಲ್ಲಿ. 'ಒಂದು ಚೂರು ಹೋಳಿಗೆ ತಿಂದರೆ ಏನೂ ಆಗಲ್ಲ ಬಿಡಮ್ಮ' ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಅವರದು ಪ್ರೀತಿಯೇ, ಆದರೆ ಇದು ಪಥ್ಯವಲ್ಲ, ಆ ಒಂದು ಚೂರೂ ಕರುಳಿಗೆ ಪೆಟ್ಟು. ಅದೇ ಹೂರಣ ತುಂಬಿ ಅಕ್ಕಿ ಹಿಟ್ಟಿನ ಕಡುಬು ಮಾಡಿಕೊಂಡು ಹೋಗುತ್ತೇನೆ, ಅವಳು ತಿನ್ನುತ್ತಾಳೆ. ಆದರೂ ಎಲ್ಲರ ಪಂಕ್ತಿಯಲ್ಲಿ ಕೂತು, ಬಡಿಸಿದ್ದನ್ನು ಯೋಚಿಸದೆ ತಿನ್ನುವ ಸುಖ ಅವಳಿಗೆ ಗೊತ್ತೇ ಇಲ್ಲ. ನಾವು ದೇಶ ಬಿಟ್ಟು ಬಂದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ, ಊರಲ್ಲಿದ್ದರೂ ಇದೇ ಆಗುತ್ತಿತ್ತು. ಆದರೂ ಮನಸ್ಸು ಎರಡನ್ನೂ ಸೇರಿಸಿಯೇ ಲೆಕ್ಕ ಹಾಕುತ್ತದೆ.

ಊಟಕ್ಕೆ ಕರೆದವರಿಗೆ ಹಿಂದಿನ ದಿನವೇ ಫೋನ್ ಮಾಡಿ. ಯಾವ ಇಂಗು, ದೋಸೆ ಕಾವಲಿಯಲ್ಲಿ ಚಪಾತಿಯೂ ಮಾಡುತ್ತಾರಾ, ಸಂಕೋಚ ಬಿಟ್ಟು ಕೇಳಿ. ಚಮಚಗಳು ಅದಲುಬದಲಾಗುವ ಮುಂಚೆ ಮಗುವಿಗೆ ಮೊದಲು ಬಡಿಸಿಬಿಡಿ ಅಂತಲೂ ಹೇಳಿ.